ಮಾಡಿದ್ದು ಅವನಲ್ಲ!

ಟಿ.ವಿ.ಯಲ್ಲಿ ಸಿನಿಮಾ ನೋಡುವಾಗ ನಮ್ಮ ಮನೆಗಳ ಅಜ್ಜಿಯರು ಪರದೆಗೇ ಕೂಗಿ ಹೇಳುವುದುಂಟು: “ಅಯ್ಯೋ, ಮಾಡಿದ್ದು ಅವನಲ್ಲ, ಬಿಟ್ಟುಬಿಡ್ರೋ!” ನಿರಪರಾಧಿಯ ಮೇಲೆ ಅಪವಾದ ಬಂದರೆ ನಮಗೆಲ್ಲ ಹೊಟ್ಟೆ ಉರಿಯುತ್ತದೆ. ಆದರೆ ಈ ಮರುಕ ತಾನಾಗಿಯೇ ಹುಟ್ಟುವುದಿಲ್ಲ. ನಿರ್ದೇಶಕ ಅದನ್ನು ಹಂತಹಂತವಾಗಿ ನಮ್ಮೊಳಗೆ ಬೆಳೆಸುತ್ತಾನೆ. ಆಲ್ಫ್ರೆಡ್ ಹಿಚ್‌ಕಾಕ್ ಈ ಕೆಲಸದಲ್ಲಿ ಪಳಗಿದ ಕೈ. 1899ರಲ್ಲಿ ಲಂಡನ್ ಬಳಿಯ ಕಥೋಲಿಕ ಕುಟುಂಬವೊಂದರಲ್ಲಿ ಹುಟ್ಟಿ, ಯೇಸುಸಭೆಯ ಗುರುಗಳ ಶಾಲೆಯಲ್ಲಿ ಓದಿದವರು ಅವರು.

ಅವರ ‘ಐ ಕನ್ಫೆಸ್’ (1953) ಚಿತ್ರ ಕೆನಡಾದ ಕ್ವಿಬೆಕ್ ನಗರದಲ್ಲಿ ನಡೆಯುತ್ತದೆ. ಗುರುಮನೆಯ ಕೆಲಸಗಾರ ಕೆಲ್ಲರ್, ಗುರುಗಳ ನಿಲುವಂಗಿ ತೊಟ್ಟು ಹೋಗಿ ಒಬ್ಬ ವಕೀಲನನ್ನು ಕೊಲ್ಲುತ್ತಾನೆ. ಅದೇ ರಾತ್ರಿ ಫಾದರ್ ಲೋಗನ್ ಮುಂದೆ ಪಾಪನಿವೇದನೆ ಮಾಡುತ್ತಾನೆ. ಮುಂದೆ ಸಂದೇಹ ಲೋಗನ್ ಮೇಲೆಯೇ ಬರುತ್ತದೆ. ಪಾಪನಿವೇದನೆಯ ಗುಟ್ಟನ್ನು ಬಿಟ್ಟುಕೊಡುವಂತಿಲ್ಲ, ಹೀಗಾಗಿ ಅವರು ಬಾಯಿ ತೆರೆಯುವುದಿಲ್ಲ. ಇಲ್ಲಿ ಹಿಚ್‌ಕಾಕ್ ಮಾಡುವುದು ಇಷ್ಟೇ: ಪೊಲೀಸರಿಗೆ ತಿಳಿಯದ್ದನ್ನು ನಮಗೆ ಮೊದಲೇ ತಿಳಿಸಿಬಿಡುತ್ತಾರೆ. ಬೆಳಗಿನ ಉಪಾಹಾರದ ದೃಶ್ಯದಲ್ಲಿ ಗುರುಗಳು ಏನೇನೋ ಮಾತಾಡುತ್ತಿದ್ದಾರೆ. ಕೆಲ್ಲರನ ಹೆಂಡತಿ ಕಾಫಿ ಬಡಿಸುತ್ತ ಲೋಗನ್ ಅವರ ಸುತ್ತಲೇ ಸುಳಿಯುತ್ತಾಳೆ, ಅವರ ಮುಖವನ್ನೇ ನೋಡುತ್ತಾಳೆ. ಮಾತಿನಲ್ಲಿ ಏನೂ ಇಲ್ಲ, ಕಣ್ಣಿನಲ್ಲಿ ಎಲ್ಲವೂ ಇದೆ. ಇನ್ನೊಂದು ಕಡೆ ಲೋಗನ್ ಒಬ್ಬರೇ ಬೀದಿಯಲ್ಲಿ ನಡೆಯುತ್ತಾರೆ. ಕ್ಯಾಮೆರಾದ ಮುಂದೆ ಶಿಲುಬೆ ಹೊತ್ತ ಯೇಸುವಿನ ಪ್ರತಿಮೆ, ಅದರಾಚೆ ಚಿಕ್ಕದಾಗಿ ಈ ಗುರು. ಹೋಲಿಕೆ ತುಸು ಹೆಚ್ಚೇ ಆಯಿತೇನೋ ಎಂದು ನಮಗನ್ನಿಸುತ್ತದೆ. ಕಥೋಲಿಕರಲ್ಲದ ಪ್ರೇಕ್ಷಕರಿಗೆ ಈ ಮೌನದ ಕಾರಣವೇ ಅರ್ಥವಾಗಲಿಲ್ಲವೆಂದು ಹಿಚ್‌ಕಾಕ್ ಮುಂದೆ ಹೇಳಿಕೊಂಡರು.

‘ದಿ ರಾಂಗ್ ಮ್ಯಾನ್’ (1956) ಚಿತ್ರದಲ್ಲಿ ಅವರು ಬೇರೆ ದಾರಿ ಹಿಡಿದರು. ಇದು 1953ರಲ್ಲಿ ನ್ಯೂಯಾರ್ಕಿನಲ್ಲಿ ನಿಜವಾಗಿ ನಡೆದ ಸಂಗತಿ. ಮ್ಯಾನಿ ಬಾಲೆಸ್ಟ್ರೆರೊ ಕ್ಲಬ್ ಒಂದರಲ್ಲಿ ವಾದ್ಯ ನುಡಿಸುವ ಸಂಸಾರಸ್ಥ. ಹೆಂಡತಿಯ ಹಲ್ಲಿನ ಚಿಕಿತ್ಸೆಗೆ ಹಣ ಬೇಕು. ಅವಳ ವಿಮೆಯ ಮೇಲೆ ಸಾಲ ಕೇಳಲು ಕಚೇರಿಗೆ ಹೋಗುತ್ತಾನೆ. ಹಿಂದೆ ತಮ್ಮನ್ನು ದೋಚಿದವನು ಇವನೇ ಎಂದು ಅಲ್ಲಿನ ಹೆಂಗಸರು ಹೆದರಿಬಿಡುತ್ತಾರೆ.

ಇಲ್ಲಿ ಅಬ್ಬರದ ಸಂಗೀತವಿಲ್ಲ, ನಾಯಕನ ಉದ್ದುದ್ದ ಭಾಷಣವಿಲ್ಲ. (ನಮ್ಮ ಚಿತ್ರಗಳಾಗಿದ್ದರೆ ಇಷ್ಟರಲ್ಲಿ ಮಳೆಯೂ ತಾಯಿಯ ಕಣ್ಣೀರೂ ಒಟ್ಟಿಗೆ ಸುರಿಯಬೇಕಿತ್ತು.) ಹಿಚ್‌ಕಾಕ್ ನಮ್ಮನ್ನು ಮ್ಯಾನಿಯ ಪಕ್ಕದಲ್ಲೇ ಕೂರಿಸುತ್ತಾರೆ. ಬಾಗಿಲಿಗೆ ಬಂದವನನ್ನು ಪೊಲೀಸರು ಕರೆದೊಯ್ಯುತ್ತಾರೆ, ಒಳಗಿರುವ ಹೆಂಡತಿಗೆ ಒಂದು ಮಾತು ಹೇಳುವುದಕ್ಕೂ ಬಿಡುವುದಿಲ್ಲ. ಕಳ್ಳ ಬರೆದಿದ್ದ ಚೀಟಿಯನ್ನು ಅವನ ಕೈಯಲ್ಲಿ ಬರೆಸಿದರೆ, ಕಳ್ಳ ಮಾಡಿದ್ದ ಅಕ್ಷರತಪ್ಪನ್ನೇ ಇವನೂ ಮಾಡುತ್ತಾನೆ! ಬೆರಳಚ್ಚಿನ ಮಸಿ ಮೆತ್ತಿದ ಕೈಗಳನ್ನು ಅವನು ನೋಡಿಕೊಳ್ಳುತ್ತಾನೆ, ನಾವೂ ನೋಡುತ್ತೇವೆ. ಕೋಳ ಹಾಕಿದಾಗ ನಾಚಿಕೆಯಿಂದ ತಲೆ ಎತ್ತುವುದಿಲ್ಲ; ಅವನಿಗೆ ಕಾಣುವುದು ಇತರ ಕೈದಿಗಳ ಬೂಟುಗಳು ಮಾತ್ರ, ನಮಗೂ ಅಷ್ಟೇ. ನ್ಯಾಯಾಲಯದಲ್ಲಿ ಮೇಜಿನ ಕೆಳಗೆ ಅವನ ಬೆರಳುಗಳಲ್ಲಿ ಜಪಸರ. ಅದನ್ನು ವಕೀಲರು ನೋಡಲಿಲ್ಲ, ಪಂಚರು ನೋಡಲಿಲ್ಲ. ನೋಡಿದವರು ನಾವು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಆ ಕಚೇರಿಯ ಹೆಂಗಸರು ಸುಳ್ಳುಗಾರರಲ್ಲ. ಹೆದರಿದವರು, ಆದರೆ ತಮಗೆ ಖಚಿತವಿದೆ ಎಂದುಕೊಂಡವರು. ಮೇಜಿನ ಕೆಳಗಿನ ಜಪಸರವನ್ನು ಅವರಿಗೆ ತೋರಿಸಲು ಯಾವ ಕ್ಯಾಮೆರಾವೂ ಇರಲಿಲ್ಲ. ನಾವು ಮ್ಯಾನಿಯ ಪರ ನಿಂತದ್ದು ನಮ್ಮ ಒಳ್ಳೆಯತನದಿಂದಲೋ, ನಿರ್ದೇಶಕ ನಮಗೆ ಕೊಟ್ಟ ಜಾಗದಿಂದಲೋ? ಅವರ ಕುರ್ಚಿಯಲ್ಲಿ ಕುಳಿತಿದ್ದರೆ ನಮ್ಮ ಬೆರಳೂ ಅವನತ್ತಲೇ ಚಾಚುತ್ತಿತ್ತು.

ಕೊನೆಗೆ ಮ್ಯಾನಿ ಯೇಸುವಿನ ಚಿತ್ರದ ಮುಂದೆ ನಿಂತು ಪ್ರಾರ್ಥಿಸುತ್ತಾನೆ. ಅವನ ಮುಖ ಪರದೆಯ ಮೇಲಿರುವಾಗಲೇ ಬೀದಿಯಲ್ಲಿ ನಡೆದು ಬರುವ ಇನ್ನೊಬ್ಬನ ಮುಖ ಅದರೊಳಗೆ ಕೂಡಿಕೊಳ್ಳುತ್ತದೆ. ಅವನೇ ನಿಜವಾದ ಕಳ್ಳ. ಅಂಗಡಿಯೊಂದನ್ನು ದೋಚಲು ಹೋಗಿ ಸಿಕ್ಕಿಬೀಳುತ್ತಾನೆ. ಅದೇ ಹೆಂಗಸರು ಈಗ ಅವನನ್ನು ಗುರುತಿಸಿ, ಮ್ಯಾನಿಯ ಮುಂದೆಯೇ ಹಾದುಹೋಗುತ್ತಾರೆ. ಕಣ್ಣೆತ್ತಿಯೂ ನೋಡುವುದಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ರೋಸ್ ಚಿಂತೆಯಿಂದಲೇ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಆಸ್ಪತ್ರೆ ಸೇರಿದ್ದಾಳೆ. ಬಿಡುಗಡೆಯ ಸುದ್ದಿಯನ್ನು ಅವಳಿಗೆ ಹೇಳಲು ಮ್ಯಾನಿ ಓಡೋಡಿ ಬರುತ್ತಾನೆ. ಅವಳ ಮುಖದಲ್ಲಿ ಏನೂ ಬದಲಾಗುವುದಿಲ್ಲ.