ಬಿಯರ್ ಸವಿಯಲು ಯಾವ ಊರು?

ಬಿಯರಿನ ರುಚಿ ನೋಡಲೆಂದೇ ರಜೆ ಹಾಕಿ ಯೂರೋಪಿಗೆ ಹೊರಡುವವರಿದ್ದಾರೆ ಎಂದರೆ ನಮ್ಮಲ್ಲಿ ಅನೇಕರು ಹುಬ್ಬೇರಿಸಿಯಾರು. ಬಾಟಲಿಯಲ್ಲಿ ತುಂಬಿ ಹಡಗಿನಲ್ಲಿ ಕಳಿಸಬಹುದಾದ ವಸ್ತುವಿಗೆ ಅಷ್ಟು ದೂರ ಹೋಗಬೇಕೆ? ಎಲ್ಲ ಬಿಯರಿಗೂ ಬೇಕಿಲ್ಲ. ಆದರೆ ಒಂದೊಂದು ಊರಿನ ನೀರು, ಗಾಳಿ, ಸೌದೆಯ ಹೊಗೆಗೆ ಅಂಟಿಕೊಂಡೇ ಹುಟ್ಟಿದ ಕೆಲವು ಬಿಯರುಗಳಿವೆ. ಪ್ರವಾಸಕ್ಕೆ ಊರು ಆರಿಸುವಾಗ ನೋಡಬೇಕಾದ್ದು ಇದನ್ನೇ.

ಹೆಚ್ಚಿನವರ ಬಾಯಿಗೆ ಮೊದಲು ಬರುವ ಹೆಸರು ಜರ್ಮನಿಯ ಮ್ಯೂನಿಕ್. 1810ರಲ್ಲಿ ಬವೇರಿಯಾದ ಯುವರಾಜನ ಮದುವೆಯ ಸಂಭ್ರಮವಾಗಿ ಶುರುವಾದ ಅಲ್ಲಿನ ಅಕ್ಟೋಬರ್‌ಫೆಸ್ಟ್ ಈಗ ದೊಡ್ಡ ಜಾತ್ರೆ. ಜಾತ್ರೆ ನೋಡುವ ಆಸೆಯಿದ್ದರೆ ಸರಿ. ರುಚಿ ಹೋಲಿಸಿ ನೋಡುವವರಿಗೆ ಅದು ತಕ್ಕ ಸ್ಥಳವಲ್ಲ. ಅಲ್ಲಿ ಸಿಗುವುದು ಮ್ಯೂನಿಕ್ಕಿನ ಆರೇ ತಯಾರಕರ ಬಿಯರು, ಅದೂ ಲೀಟರಿನ ಮಗ್ಗಿನಲ್ಲಿ.

ಅದೇ ಬವೇರಿಯಾದ ಉತ್ತರ ಭಾಗದಲ್ಲಿ ಬಾಂಬರ್ಗ್ ಎಂಬ ಹಳೆಯ ಪಟ್ಟಣವಿದೆ. ಮೊಳಕೆ ಬರಿಸಿದ ಬಾರ್ಲಿಯನ್ನು ಒಣಗಿಸಿದರೆ ಮಾಲ್ಟ್ ಆಗುತ್ತದೆ. ಹಿಂದೆ ಅನೇಕ ಕಡೆ ಸೌದೆಯ ಬೆಂಕಿಯಲ್ಲೇ ಒಣಗಿಸುತ್ತಿದ್ದುದರಿಂದ ಬಿಯರಿಗೆ ಹೊಗೆಯ ವಾಸನೆ ಅಂಟುತ್ತಿತ್ತು. ಹೊಗೆ ತಾಗದ ಒಲೆಗಳು ಬಂದ ಮೇಲೆ ಉಳಿದೆಡೆ ಆ ವಾಸನೆ ಮಾಯವಾಯಿತು. ಬಾಂಬರ್ಗಿನ ಶ್ಲೆಂಕರ್ಲಾ, ಸ್ಪೆಟ್ಸಿಯಾಲ್ ಎಂಬ ಎರಡು ಮನೆಗಳು ಮಾತ್ರ ಬೀಚ್ ಮರದ ಸೌದೆಯನ್ನು ಬಿಡಲಿಲ್ಲ. ಮೊದಲ ಗುಟುಕಿಗೆ ಮುಖ ಸಿಂಡರಿಸಿದವರೂ ಎರಡನೆಯ ಲೋಟ ಕೇಳುವುದುಂಟಂತೆ.

ಚೆಕ್ ಗಣರಾಜ್ಯದ ಪಿಲ್ಸೆನ್ನಿನದು ನೀರಿನ ಕಥೆ. 1838ರಲ್ಲಿ ಅಲ್ಲಿನ ಜನ ಕೆಟ್ಟ ಬಿಯರಿನಿಂದ ರೋಸಿ ಹೋಗಿ 36 ಪೀಪಾಯಿಗಳನ್ನು ಪುರಭವನದ ಮುಂದೆ ಚೆಲ್ಲಿದರು. ಆಮೇಲೆ ಊರವರೇ ಸೇರಿ ಹೊಸ ತಯಾರಿಕಾ ಘಟಕ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬಾತನನ್ನು ಕರೆಸಿದರು. 1842ರಲ್ಲಿ ಆತ ಅಲ್ಲಿನ ಮೆದು ನೀರಿನಿಂದ ತೆಗೆದ ಹೊಂಬಣ್ಣದ ಬಿಯರೇ ಇಂದು ಜಗತ್ತಿನ ಬಹುಪಾಲು ಬಾಟಲಿಗಳಿಗೆ, ನಮ್ಮವಕ್ಕೂ, ಮೂಲ ಮಾದರಿ. ನೆಲಮಾಳಿಗೆಯಲ್ಲಿ ಓಕ್ ಪೀಪಾಯಿಯಿಂದ ನೇರವಾಗಿ ಬಗ್ಗಿಸಿಕೊಡುವ ಸೋಸದ ಬಿಯರಿಗಾಗಿಯೇ ಅಲ್ಲಿಗೆ ಹೋಗಬೇಕು.

ಒಂದೇ ಊರಿಗೆ ಹಣವಿದ್ದರೆ ಮಾತ್ರ ಬೆಲ್ಜಿಯಮ್ಮಿನ ಬ್ರಸೆಲ್ಸ್ ಮೇಲು. ದೋಸೆ ಹಿಟ್ಟಿಗೆ ಯಾರೂ ಯೀಸ್ಟ್ ಬೆರೆಸುವುದಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ತಾನೇ ಹುಳಿಯುತ್ತದೆ. ಅಲ್ಲಿನ ಲ್ಯಾಂಬಿಕ್ ಬಿಯರೂ ಹೀಗೆಯೇ. 1900ರಲ್ಲಿ ಆರಂಭವಾದ ಕ್ಯಾಂಟಿಯೋನ್ ತಯಾರಿಕಾ ಮನೆಯಲ್ಲಿ, ಕುದಿಸಿದ ಧಾನ್ಯದ ರಸವನ್ನು ಸೂರಿನಡಿಯ ಅಗಲವಾದ ತಾಮ್ರದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಗಾಳಿಯಲ್ಲಿರುವ, ಆ ಹಳೆಯ ಕಟ್ಟಡದಲ್ಲೇ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸುತ್ತವೆ. ಬಳಿಕ ಮರದ ಪೀಪಾಯಿಯಲ್ಲಿ ಒಂದರಿಂದ ಮೂರು ವರ್ಷ ವಾಸ. ಹೊಸತು ಹಳತು ಬೆರೆಸಿ ಬಾಟಲಿಗೆ ತುಂಬಿದರೆ ಅದರ ಹೆಸರು ಗೂಜ್. ಸಿಹಿ ಬಹಳ ಕಡಿಮೆ, ಹುಳಿ ಖಂಡಿತ.

ಈ ಕೆಲಸಕ್ಕೆ ತಣ್ಣನೆಯ ರಾತ್ರಿ ಬೇಕು. ಸೆಕೆ ಹೆಚ್ಚಿದರೆ ಬೇಡದ ಜೀವಿಗಳು ಸೇರಿ ರಸ ಕೆಡುತ್ತದೆ. ಹಾಗಾಗಿ ಸುಮಾರು ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ಒಲೆ ಹಚ್ಚುವುದು. ಭೂಮಿ ಬಿಸಿಯೇರುತ್ತಿರುವ ಕಾರಣ ಒಂದು ಶತಮಾನದ ಹಿಂದಿಗಿಂತ ಈ ಅವಧಿ ಈಗಾಗಲೇ ಕಿರಿದಾಗಿದೆ. ತಂಪು ಯಂತ್ರ ಹಾಕಿಕೊಳ್ಳಬಹುದಲ್ಲ ಎನ್ನಬಹುದು. ಆದರೆ ಊರಿನ ಗಾಳಿಗೆ ಒಡ್ಡಿ ತಣಿಸುವುದೇ ಈ ಬಿಯರಿನ ತಿರುಳು. ಬೇಸಿಗೆ ರಜೆಯಲ್ಲಿ ಹೋದವರಿಗೆ ಕಾಣುವುದು ಸಾಲು ಪೀಪಾಯಿ ಮತ್ತು ಖಾಲಿ ತೊಟ್ಟಿ. ತೊಟ್ಟಿಯಿಂದ ಹಬೆಯೇಳುವುದನ್ನು ನೋಡಬೇಕಿದ್ದರೆ ಸ್ವೆಟರ್ ಹೊತ್ತು ಚಳಿಗಾಲದಲ್ಲೇ ಹೊರಡಬೇಕು.