ಕಣ್ಣು ಒಬ್ಬರ ಪಾಲಿಗೆ, ಉಸಿರು ಇನ್ನೊಬ್ಬರ ಪಾಲಿಗೆ

ಲೇಸರ್ ಯಂತ್ರ ಬಂದಿರುವುದು ಆಪರೇಷನ್ ಥಿಯೇಟರಿಗಲ್ಲ, ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುಗೆ. ವಾರ್ಮರಿನ ಕೆಳಗಿರುವ ಕೂಸು ಹುಟ್ಟಿದ್ದು 29ನೇ ವಾರಕ್ಕೆ, 1,100 ಗ್ರಾಂ ತೂಕದಲ್ಲಿ. ಈಗ ಅದರ ಅಕ್ಷಿಪಟಲದ ಅಂಚಿನಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುತ್ತಿವೆ. ದಿನ ತುಂಬದೆ ಹುಟ್ಟಿದ ಮಕ್ಕಳಿಗೆ ಬರುವ ಈ ಅಕ್ಷಿಪಟಲದ ರೋಗವೇ ಆರ್‌ಒಪಿ. ಎರಡು-ಮೂರು ದಿನದೊಳಗೆ ಲೇಸರ್ ಆಗದಿದ್ದರೆ ಪಟಲವೇ ಕಳಚಿಕೊಳ್ಳಬಹುದು.

ಸಿಸ್ಟರ್ ಕೂಸನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾರೆ. ಹೊರಗುಳಿಯುವುದು ಮುಖ, ಮತ್ತೆ ಪಲ್ಸ್ ಆಕ್ಸಿಮೀಟರ್ ಸುತ್ತಿದ ಒಂದು ಪಾದ. ಕಣ್ಣಿಗೆ ಮರಗಟ್ಟಿಸುವ ಹನಿ, ನಾಲಿಗೆಗೆ ಸಕ್ಕರೆ ನೀರಿನ ಹನಿ. ತಲೆಗೆ ಲೇಸರ್ ದೀಪ ಕಟ್ಟಿಕೊಂಡ ಕಣ್ಣಿನ ಡಾಕ್ಟರು ಮಸೂರ ಹಿಡಿದು ಬಾಗುತ್ತಾರೆ. ಪಕ್ಕದಲ್ಲಿ ನಿಂತ ಅರಿವಳಿಕೆ ಡಾಕ್ಟರಮ್ಮ ಕಣ್ಣಿನ ಕಡೆ ನೋಡುವುದೇ ಇಲ್ಲ; ಅವರ ದೃಷ್ಟಿಯೆಲ್ಲ ಎದೆಯ ಏರಿಳಿತದ ಮೇಲೆ.

ಪಟಲದ ಅಂಚು ಕಾಣಬೇಕಾದರೆ ಕಣ್ಣುಗುಡ್ಡೆಯನ್ನು ಹೊರಗಿನಿಂದ ಒತ್ತಬೇಕು. ಒತ್ತಿದ್ದೇ ತಡ, 150ರಲ್ಲಿದ್ದ ಹೃದಯಬಡಿತ 120, 98, 84. "ನಿಲ್ಲಿಸಿ ಸರ್!" ಟ್ರೈಜಿಮಿನಲ್ ನರ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ವೇಗಸ್ ನರ ಹೃದಯಕ್ಕೆ ಲಗಾಮು ಹಾಕುತ್ತದೆ; ಇದು 1908ರಲ್ಲೇ ವೈದ್ಯರು ಗುರುತಿಸಿದ ಸಂಗತಿ. ಸಿಸ್ಟರ್ ಅಂಗಾಲು ತಟ್ಟುತ್ತಾರೆ. 110... 140. ಹೃದಯಬಡಿತ ಏರಿಸುವ ಅಟ್ರೋಪಿನ್ ತುಂಬಿದ ಸಿರಿಂಜು ಟ್ರೇನಲ್ಲೇ ಉಳಿಯುತ್ತದೆ. ಮತ್ತೆ ಲೇಸರ್. ಒಂದು ಕಣ್ಣಿಗೇ ಲೇಸರ್ ಚುಕ್ಕಿಗಳು ಸಾವಿರ ದಾಟುವುದುಂಟು.

ಹನಿ ಹಾಕಿದರೆ ನೋವು ಪೂರ್ತಿ ಹೋಗುವುದಿಲ್ಲ, ನಿಜ. ಅರಿವಳಿಕೆ ಕೊಟ್ಟು ಮಲಗಿಸಿಯೇ ಮಾಡಬಾರದಿತ್ತೇ ಎಂದು ಯಾರಿಗಾದರೂ ಅನ್ನಿಸೀತು. ಆದರೆ ವೆಂಟಿಲೇಟರಿನಿಂದ ಈಚೆಗಷ್ಟೇ ಬಿಡಿಸಿಕೊಂಡ ಶ್ವಾಸಕೋಶವದು. ಮತ್ತೆ ನಳಿಕೆ ಇಳಿಸುವುದು ಸುಲಭ, ತೆಗೆಯುವುದೇ ಕಷ್ಟ.

ಥಿಯೇಟರಿನಲ್ಲಿರುವ ಇನ್ನೊಂದು ಕೂಸಿಗೆ ಮಲಗಿಸದೆ ಮಾಡುವ ಆಯ್ಕೆಯೇ ಇಲ್ಲ; ಅದನ್ನು ಸಮಯಕ್ಕೆ ಯಾರೂ ಪರೀಕ್ಷಿಸಿರಲಿಲ್ಲ. 34 ವಾರಕ್ಕೆ ಮೊದಲು ಹುಟ್ಟಿದ, ಇಲ್ಲವೇ 2,000 ಗ್ರಾಂಗಿಂತ ಕಡಿಮೆ ತೂಗಿದ ಮಕ್ಕಳ ಕಣ್ಣನ್ನು 30 ದಿನದೊಳಗೆ ನೋಡಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರುಮಾಡಿದ ಆರ್‌ಒಪಿ ತಪಾಸಣೆಯ ಕಿಡ್‌ರಾಪ್ ತಂಡ ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆ ಸುತ್ತುತ್ತಿದ್ದರೂ ಇಂಥ ಕೂಸುಗಳು ತಪ್ಪಿಹೋಗುತ್ತವೆ. ಈ ಕೂಸಿನ ಪಟಲ ಆಗಲೇ ಕಳಚಿದೆ. ಕಣ್ಣೊಳಗಿನ ಲೋಳೆ ತೆಗೆಯುವ ಶಸ್ತ್ರಚಿಕಿತ್ಸೆಯಾದ ವಿಟ್ರೆಕ್ಟಮಿಯೇ ಗತಿ, ಅದೂ ಪೂರ್ಣ ಅರಿವಳಿಕೆಯಲ್ಲಿ. ಎಸಿ ಆರಿಸಿದ್ದಾರೆ. ಗೌನಿನೊಳಗೆ ಡಾಕ್ಟರುಗಳು ಬೆವರಲಿ, ಕೂಸಿನ ಮೈ ತಣ್ಣಗಾಗಬಾರದು.

ಆಪರೇಷನ್ ಮುಗಿದು ಕೂಸು ಅತ್ತಿತೆಂದರೆ ಗಂಡಾಂತರ ಕಳೆಯಿತೆಂದು ಹೊರಗೆ ಕೂತವರು ಕೈಮುಗಿಯುತ್ತಾರೆ. ಡಾಕ್ಟರಮ್ಮನಿಗೆ ನಿಜವಾದ ಆತಂಕ ಶುರುವಾಗುವುದೇ ಆಗ. ದಿನ ತುಂಬದೆ ಹುಟ್ಟಿದ ಮಗುವಿನ ಮಿದುಳಿಗೆ ಉಸಿರಾಟದ ಲಯ ಇನ್ನೂ ಗಟ್ಟಿಯಾಗಿ ಹಿಡಿತಕ್ಕೆ ಸಿಕ್ಕಿರುವುದಿಲ್ಲ. ಮೈಯಲ್ಲಿ ಉಳಿದ ಅರಿವಳಿಕೆಯ ಅಂಶ ಅದನ್ನು ಇನ್ನಷ್ಟು ಮಂಕಾಗಿಸುತ್ತದೆ. ಗಂಟೆಗಳು ಕಳೆದ ಮೇಲೂ, ಸುಮ್ಮನೆ ಮಲಗಿದ್ದಾಗ, 20 ಸೆಕೆಂಡೋ ಇನ್ನೂ ಹೆಚ್ಚೋ ಉಸಿರು ನಿಲ್ಲಬಹುದು. ರಕ್ತಹೀನತೆಯಿದ್ದರಂತೂ ಅಪಾಯ ಹೆಚ್ಚು. ಅದಕ್ಕೇ ಕೆಫೀನ್ ಕೊಡುವುದು. ಹೌದು, ನಮ್ಮ ಬೆಳಗಿನ ಕಾಫಿಯಲ್ಲಿರುವುದೇ. ತಾಯಿಯ ಕೊನೆಯ ಮುಟ್ಟಿನಿಂದ ಎಣಿಸಿ 60 ವಾರ ತುಂಬುವವರೆಗೂ ಇಂಥ ಮಕ್ಕಳನ್ನು ಅರಿವಳಿಕೆಯಾದ ದಿನವೇ ಮನೆಗೆ ಕಳಿಸಲು ಅನೇಕ ಆಸ್ಪತ್ರೆಗಳು ಒಪ್ಪುವುದಿಲ್ಲ.

"ಸಂಜೆ ಬಸ್ಸಿಗೆ ಹೊರಡಬಹುದೇನಮ್ಮ?" ಅಜ್ಜಿ ಕೇಳುತ್ತಾರೆ.

"ಇಲ್ಲಜ್ಜಿ, ರಾತ್ರಿ ಮಾನಿಟರ್ ಹಾಕಿ ನೋಡ್ಬೇಕು."

"ಚೆನ್ನಾಗೇ ಉಸಿರಾಡ್ತಾ ಇದೆಯಲ್ಲ!"

"ಈಗ ಆಡ್ತಿದೆ ಅಜ್ಜಿ. ಬೆಳಿಗ್ಗೆವರೆಗೂ ಹೀಗೇ ಆಡಿದ್ರೆ ಆಮೇಲೆ ಬಸ್ಸಿನ ಮಾತು."