ಎದುರಾಳಿ ಬೇಕಾಗಿದ್ದಾಳೆ!

ನಮ್ಮ ನಡುಮನೆಯ ಗೋಡೆಯ ಮೇಲೆ, ದೇವರ ಪಟಗಳ ಕೆಳಗೆ, ಗಾಜಿನ ಚೌಕಟ್ಟು ಹಾಕಿದ 7 ಪ್ರಮಾಣಪತ್ರಗಳು ಸಾಲಾಗಿ ತೂಗುತ್ತಿವೆ. ನನ್ನ ತಂಗಿಯ ಮಗಳು ನಾಲ್ಕು ವರ್ಷಗಳ ಕರಾಟೆ ಅಭ್ಯಾಸದಲ್ಲಿ ಬಿಳಿಯ ಬೆಲ್ಟಿನಿಂದ ಕಂದು ಬೆಲ್ಟಿನವರೆಗೆ ಹತ್ತಿದ ಮೆಟ್ಟಿಲುಗಳು ಅವು. ಮನೆಗೆ ಬಂದ ನೆಂಟರಿಗೆ ಒಂದೊಂದರ ಇತಿಹಾಸವನ್ನೂ ವಿವರಿಸಿ, ಆಮೇಲೆಯೇ ಕಾಫಿ ಕೊಡುವುದು ನನ್ನ ತಂಗಿಯ ಪದ್ಧತಿ.

ಹುಡುಗಿಗೆ ಹದಿಮೂರು ತುಂಬಿದ ಮೇಲೆ ಮೊದಲ ಬಾರಿಗೆ ಸ್ಪರ್ಧೆಯೊಂದಕ್ಕೆ ಹೋದಳು. ಕುಟುಂಬವೆಲ್ಲ ಪುಳಿಯೋಗರೆಯ ಡಬ್ಬಿಯೊಡನೆ ಹೊರಟಿತು. ಕರಾಟೆಯಲ್ಲಿ ಎಂಟು ಅಂಕಗಳ ಅಂತರ ಬಿದ್ದೊಡನೆ ಪಂದ್ಯ ಮುಗಿಯಿತೆಂದು ನಿಯಮ. ಆ ಎಂಟು ಅಂಕಗಳು ಬೀಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಪೆಟ್ಟಾಯಿತೆಂದಲ್ಲ, ಎದುರಿನ ಹುಡುಗಿಯ ಗುದ್ದುಗಳು ಸೋಕಿ ಹಿಂದೆ ಸರಿಯುತ್ತಿದ್ದುವಷ್ಟೆ. ನಮ್ಮವಳು ಮಾತ್ರ ದಸರೆಯ ಪಟ್ಟದ ಗೊಂಬೆಯಂತೆ ನಿಂತೇ ಇದ್ದಳು. ಹಿಂದಿರುಗುವಾಗ ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ನನ್ನ ಕಡೆ ತಿರುಗಿ, “ಮಾವ, ಎದುರಿಗೆ ನಿಂತವಳು ಅಲ್ಲಾಡುತ್ತಾಳೆ ಅಂತ ನಮಗೆ ಯಾರೂ ಹೇಳಿರಲಿಲ್ಲ” ಎಂದಳು.

ಆ ಒಂದು ಮಾತಿನಿಂದ ನಮ್ಮ ಹುಡುಕಾಟ ಪ್ರಾರಂಭವಾಯಿತು.

ನಾವಿರುವುದು ಸಿ.ವಿ. ರಾಮನ್ ನಗರದಲ್ಲಿ. ಪ್ರಯೋಗ ಮಾಡಿ ಕಣ್ಣಾರೆ ಕಾಣದೆ ಯಾವುದನ್ನೂ ಒಪ್ಪದ ವಿಜ್ಞಾನಿಯ ಹೆಸರನ್ನು ಹೊತ್ತ ಬಡಾವಣೆ ಇದು. ರಕ್ಷಣಾ ಸಂಶೋಧನೆಯ ಕಚೇರಿಗಳೂ ಅಲ್ಲಿನ ನೌಕರರ ವಸತಿಗಳೂ ಇರುವ ಊರು. ಬೈರಸಂದ್ರ, ನಾಗವಾರಪಾಳ್ಯ, ಕಗ್ಗದಾಸಪುರಗಳೆಂಬ ಹಳೆಯ ಹಳ್ಳಿಗಳು ಸುತ್ತ ಬೆಸೆದುಕೊಂಡಿವೆ. ಸಂಜೆ ಐದರ ಮೇಲೆ ಇಲ್ಲಿ ಬಿಳಿಯ ಉಡುಪಿನ ಮಕ್ಕಳನ್ನು ಕಾಣದೆ ನಾಲ್ಕು ಅಡ್ಡರಸ್ತೆ ದಾಟುವುದು ಕಷ್ಟ. ಶಾಲೆಯ ಅಂಗಳ, ಸಮುದಾಯ ಭವನ, ಅಂಗಡಿಯ ಮೇಲಿನ ಮಹಡಿ, ಎಲ್ಲೆಲ್ಲೂ ತರಗತಿ. ಇಷ್ಟಿದ್ದೂ ಒಬ್ಬ ಎದುರಾಳಿಗಾಗಿ ನಾವು ಎರಡು ತಿಂಗಳು ಅಲೆದೆವೆಂದರೆ ವಾಚಕರು ನಗಬಹುದು.

ಮೊದಲು ತಿಳಿದ ಸತ್ಯವೆಂದರೆ, ‘ಯಾವ ಶಾಲೆ?’ ಎಂಬ ಪ್ರಶ್ನೆಗೆ ಮುಂಚೆ ‘ಯಾವ ಆಟ?’ ಎಂಬ ಪ್ರಶ್ನೆ ಇದೆ ಎಂಬುದು. ಕರಾಟೆಯ ಕಾಳಗದಲ್ಲಿ ಪೆಟ್ಟು ಹತೋಟಿಯಲ್ಲಿರಬೇಕು. ಮಿತಿಮೀರಿ ಹೊಡೆದವನಿಗೇ ದಂಡ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರ ಆಗಸ್ಟ್ 7ರಂದು, 75 ಕಿಲೋ ಮೀರಿದವರ ಅಂತಿಮ ಪಂದ್ಯ ಇದಕ್ಕೆ ಒಳ್ಳೆಯ ನಿದರ್ಶನ. ಸೌದಿ ಅರೇಬಿಯದ ತಾರೆಗ್ ಹಮೇದಿ 4-1 ಅಂಕಗಳಿಂದ ಮುಂದಿದ್ದ. ಅವನ ಒಂದು ಒದೆತಕ್ಕೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದ. ಒದ್ದವನು ಅನರ್ಹನಾದ, ಬಿದ್ದವನಿಗೆ ಚಿನ್ನದ ಪದಕ! ಇದೇ ಘಟನೆ ಮುಷ್ಟಿಯುದ್ಧದ ಅಂಗಳದಲ್ಲಿ ನಿಯಮಬದ್ಧ ಗುದ್ದಿನಿಂದ ನಡೆದಿದ್ದರೆ ಫಲ ತಿರುಗುಮುರುಗಾಗುತ್ತಿತ್ತು.

ಟೇಕ್ವಾಂಡೋ ಮತ್ತೊಂದು ಬಗೆ. ಅಲ್ಲಿ ಎದೆಕವಚದಲ್ಲೇ ವಿದ್ಯುನ್ಮಾನ ಅಳತೆಗಾರ ಕುಳಿತಿದ್ದಾನೆ. ಗುದ್ದಿಗೆ 1, ಎದೆಯ ಕವಚಕ್ಕೆ ಬಿದ್ದ ಒದೆತಕ್ಕೆ 2, ತಲೆಗೆ 3 ಅಂಕ. ಮೈ ತಿರುಗಿಸಿ ಒದ್ದರೆ ಇನ್ನೂ ಎರಡು ಹೆಚ್ಚು. ಎರಡೆರಡು ನಿಮಿಷದ ಮೂರು ಸುತ್ತುಗಳು, ಎರಡು ಸುತ್ತು ಗೆದ್ದವರಿಗೆ ಪಂದ್ಯ. 2000ದ ಸಿಡ್ನಿಯಿಂದ ಅದು ಒಲಿಂಪಿಕ್ಸ್‌ನಲ್ಲಿ ಪೂರ್ಣ ಸ್ಥಾನ ಪಡೆದಿದೆ. ಕರಾಟೆಗೆ ಆ ಭಾಗ್ಯ ಟೋಕಿಯೋದಲ್ಲಿ ಒಮ್ಮೆ ದೊರೆತು, 2024ರ ಪ್ಯಾರಿಸ್‌ನಲ್ಲಿ ಕೈತಪ್ಪಿತು. ಏಷ್ಯನ್ ಕ್ರೀಡೆಗಳಲ್ಲಂತೂ 1994ರಿಂದ ಅದಕ್ಕೆ ಸ್ಥಾನ ಸಿಕ್ಕಿದೆ. ಒಲಿಂಪಿಕ್ಸ್ ನಮ್ಮ ಮನೆಯ ಹುಡುಗಿಗೇಕೆ ಎನ್ನುವಿರಾ? ಜಿಲ್ಲೆಯ ಪಂದ್ಯಗಳ ಸಂಖ್ಯೆಯೂ, ಶಾಲಾ ಕ್ರೀಡಾಕೂಟದ ಮನ್ನಣೆಯೂ ಬಹುಮಟ್ಟಿಗೆ ಅಂಥ ಸ್ಥಾನವನ್ನು ಅವಲಂಬಿಸಿರುವುದರಿಂದ ಕೇಳಬೇಕಾಗುತ್ತದೆ.

ನಮ್ಮ ಬೀದಿಯಲ್ಲಿ ನಿವೃತ್ತರೊಬ್ಬರಿದ್ದಾರೆ. ಯೌವನದಲ್ಲಿ ಹಲಸೂರಿನ ಗರಡಿಮನೆಯಲ್ಲಿ ಸಾಮು ಮಾಡಿದವರು. ಈಗಲೂ ಅವರ ಕತ್ತು ಒನಕೆಯ ಹಾಗಿದೆ. ನಮ್ಮ ಪಾಡನ್ನು ಕೇಳಿ ಅವರು ಬಹಳ ನಕ್ಕರು. “ಬೆಲ್ಟು ಗಿಲ್ಟು ನನಗೆ ಗೊತ್ತಿಲ್ಲ ಸ್ವಾಮಿ. ಅಲ್ಲಿ ಜೋಡಿ ಯಾರು ಕಟ್ಟುತ್ತಾರೆ ಅನ್ನುವುದನ್ನು ನೋಡಿ ಬನ್ನಿ” ಎಂದರು.

ಎಂಥ ಮಾತು! ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುನ್ನ ‘ಜೋಡಿ ಕಟ್ಟುವ’ ದಿನವೆಂಬುದೇ ಒಂದಿದೆ. ದೊಡ್ಡಕೆರೆ ಮೈದಾನದ ಕ್ರೀಡಾಂಗಣದಲ್ಲಿ ಪೈಲ್ವಾನರು ಬಂದು ನಿಲ್ಲುತ್ತಾರೆ. ಹಿರಿಯ ಉಸ್ತಾದರು ವಯಸ್ಸು, ಮೈಕಟ್ಟು, ಅನುಭವಗಳನ್ನು ತೂಗಿ ಇಬ್ಬಿಬ್ಬರನ್ನು ಹೊಂದಿಸುತ್ತಾರೆ. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗ ಮೊದಲ ರಕ್ತದ ಹನಿ ಕಂಡೊಡನೆ ನಿಲ್ಲುವುದು. ಅಂಥ ಉಗ್ರ ಕಾಳಗಕ್ಕೂ ಜೋಡಿಗಳನ್ನು ಹಿರಿಯರು ಮುಂಚಿತವಾಗಿಯೇ ಆರಿಸಿರುತ್ತಾರೆ. ನಾವು ಶುಲ್ಕ, ಸಮಯ, ಮನೆಯಿಂದ ದೂರ ಎಲ್ಲವನ್ನೂ ವಿಚಾರಿಸಿದ್ದೆವು. ಇದೊಂದನ್ನು ಕೇಳಿರಲಿಲ್ಲ.

ಆಮೇಲೆ ನಾವು ಹೆಸರು ನೋಂದಾಯಿಸುವುದನ್ನು ಬಿಟ್ಟು, ಜೋಡಿ ಕಾಳಗ ನಡೆಯುವ ದಿನವೇ ಹೋಗಿ ಮೂಲೆಯಲ್ಲಿ ಕುಳಿತು ನೋಡುವುದೆಂದು ನಿಶ್ಚಯಿಸಿದೆವು. ಈ ಮಾತಿಗೇ ಒಂದೆಡೆ ಮುಖ ಸಿಂಡರಿಸಿದರು. ತಂದೆತಾಯಿಯರು ನೋಡುವ ದಿನ ಬೇರೆ ಇದೆಯಂತೆ, ಅದು ಬೆಲ್ಟು ಪ್ರದಾನದ ದಿನವಂತೆ. ನಮಸ್ಕರಿಸಿ ಬಂದೆವು.

ಇನ್ನೊಂದೆಡೆ ನಲವತ್ತು ಮಕ್ಕಳು ಒಂದೇ ತಾಳದಲ್ಲಿ ಕೈಬೀಸುತ್ತಿದ್ದರು. ನೋಡಲು ಬಲು ಚೆಂದ. ಕಟಾ ಎಂಬ ಆ ಅಭ್ಯಾಸವನ್ನು ನಾನು ಹೀಗಳೆಯುವವನಲ್ಲ. ಮೈಗೆ ಶಿಸ್ತು, ಮನಸ್ಸಿಗೆ ಏಕಾಗ್ರತೆ ಎರಡೂ ಬರುತ್ತವೆ. ಆದರೆ ಜೋಡಿ ಕಾಳಗ ಯಾವಾಗ ಎಂದರೆ, ಸ್ಪರ್ಧೆಯ ಹಿಂದಿನ ವಾರ ಎಂದು ಉತ್ತರ ಬಂತು. ಮದುವೆಯ ಹಿಂದಿನ ದಿನ ಸಂಗೀತ ಕಲಿತು ಕಚೇರಿ ಮಾಡುವುದುಂಟೆ?

ಮೂರನೆಯ ಸ್ಥಳದಲ್ಲಿ ಕಾಳಗಕ್ಕೇನೂ ಕೊರತೆಯಿರಲಿಲ್ಲ. ದೊಡ್ಡ ಕನ್ನಡಿ, ತೂಗುವ ಮರಳುಚೀಲ, ಕಿವಿಗಡಚಿಕ್ಕುವ ಸಂಗೀತ. ನಮ್ಮ ಕಣ್ಣೆದುರಿಗೇ ಹದಿನಾಲ್ಕರ ಹುಡುಗನೊಬ್ಬನನ್ನು ಇಪ್ಪತ್ತು ದಾಟಿದ ಯುವಕನೆದುರು ನಿಲ್ಲಿಸಿದರು. ಹುಡುಗನ ತಲೆಗೆ ಎರಡು ಗುದ್ದು ಬಿದ್ದುವು, ಅವನು ತೂರಾಡಿದ. ಶಿಕ್ಷಕರು ದೂರವಾಣಿಯಲ್ಲಿ ಮಾತನಾಡುತ್ತಿದ್ದರು. “ಏನೂ ಆಗಲ್ಲ, ಹೆಲ್ಮೆಟ್ ಇದೆಯಲ್ಲ” ಎಂದು ಯಾರೋ ಸಮಾಧಾನ ಹೇಳಿದರು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕಾದ ವಿಷಯವಿದೆ. ಹೆಲ್ಮೆಟ್ಟು ಚರ್ಮ ಸೀಳದಂತೆ ಕಾಯುತ್ತದೆ, ನಿಜ. ಆದರೆ ಪೆಟ್ಟು ಬಿದ್ದಾಗ ತಲೆಬುರುಡೆಯೊಳಗೆ ಮಿದುಳು ಕುಲುಕುವುದನ್ನು ಅದು ತಡೆಯಲಾರದು. ತಲೆಗೆ ಪೆಟ್ಟು ಬಿದ್ದ ಮಗು ಮಂಕಾದರೆ, ತಲೆನೋವೆಂದರೆ, ವಾಂತಿ ಮಾಡಿದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಆ ದಿನದ ಆಟ ಅಲ್ಲಿಗೆ ಮುಗಿಯಬೇಕು. ವೈದ್ಯರು ನೋಡಿ ಒಪ್ಪುವವರೆಗೆ ಮತ್ತೆ ಕಣಕ್ಕೆ ಇಳಿಯಕೂಡದು. ಹವ್ಯಾಸಿ ಮುಷ್ಟಿಯುದ್ಧದಲ್ಲಿ, ತಲೆಯ ಪೆಟ್ಟಿನಿಂದ ನಾಕೌಟ್ ಆಗಿ ಸೋತ ಪಟುವಿಗೆ ಕನಿಷ್ಠ 30 ದಿನಗಳ ಕಡ್ಡಾಯ ವಿಶ್ರಾಂತಿಯನ್ನು ನಿಯಮಗಳೇ ವಿಧಿಸಿವೆ. ಪಳಗಿದ ಪಟುಗಳಿಗೇ ಹೀಗಿರುವಾಗ, ಬೆಳೆಯುವ ಮಕ್ಕಳ ಮಾತೇನು? ಆ ಹುಡುಗ ಐದು ನಿಮಿಷದಲ್ಲಿ ಮತ್ತೆ ಎದ್ದು ನಿಂತ. ನಾವು ಹೊರಗೆ ಬಂದೆವು. ಮೆಟ್ಟಿಲಿಳಿಯುವಾಗ ನಮ್ಮ ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು. ಆ ವಯಸ್ಸಿನವರು ಬೀದಿಯಲ್ಲಿ ಹಾಗೆ ಮಾಡುವುದು ಅಪರೂಪ.

ಕೊನೆಗೆ ನಮಗೆ ದೊರೆತದ್ದು ತಗಡಿನ ಛಾವಣಿಯ ಒಂದು ಸಾಧಾರಣ ಸಭಾಂಗಣ. ಟೇಕ್ವಾಂಡೋ ತರಗತಿ. ಫಲಕ ಕೂಡ ಮಾಸಿಹೋಗಿತ್ತು. ಶಿಕ್ಷಕರ ಕೈಯಲ್ಲಿ ಒಂದು ಗೆರೆ ಪುಸ್ತಕ. ಅದರಲ್ಲಿ ಪ್ರತಿ ಮಗುವಿನ ಎತ್ತರ, ತೂಕ, ಕಳೆದ ವಾರ ಯಾರೊಡನೆ ಆಡಿತು ಎಂಬ ವಿವರ. ಬುಧವಾರ ಮತ್ತು ಶನಿವಾರ ಅದನ್ನು ನೋಡಿಕೊಂಡೇ ಜೋಡಿ ಕಟ್ಟುತ್ತಿದ್ದರು. ಹೊಸಬರಿಗೆ ನೇರ ಕಾಳಗವಿಲ್ಲ. ಒಬ್ಬರು ಒದೆಯಬೇಕು, ಇನ್ನೊಬ್ಬರು ಬರೀ ತಪ್ಪಿಸಿಕೊಳ್ಳಬೇಕು, ಆಮೇಲೆ ಬದಲಿ. ಮತ್ತೊಂದು ಸುತ್ತಿನಲ್ಲಿ ಮುಂಗಾಲು ಮಾತ್ರ, ತಲೆ ವರ್ಜ್ಯ. ಒಬ್ಬ ಹುಡುಗ ಸಿಟ್ಟಿನಿಂದ ಜೋರಾಗಿ ಒದ್ದಾಗ ಶಿಕ್ಷಕರು ಗದರಲಿಲ್ಲ. ಅವನನ್ನು ಕೂರಿಸಿ, ಏಟು ತಿಂದವನಿಗೆ ನೀರು ಕೊಟ್ಟು ಮುಖ ನೋಡಿ ಮಾತನಾಡಿಸಿದರು.

ನಾನು ಕೇಳಿದ ಪ್ರಶ್ನೆಗಳಿಗೆ ಅವರು ಚಿಕ್ಕದಾಗಿ ಉತ್ತರಿಸಿದರು. ಒಂದೇ ಆಟಕ್ಕೆ ಎರಡು ಮೂರು ಸಂಘಗಳು ತಾವೇ ಅಧಿಕೃತವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿರುವ ಕಾಲ ಇದು. ‘ರಾಷ್ಟ್ರೀಯ’, ‘ಅಂತರರಾಷ್ಟ್ರೀಯ’ ಎಂಬ ಹೆಸರಿನ ಪಂದ್ಯಗಳಿಗೂ ಬರವಿಲ್ಲ. ಯಾವ ಪಂದ್ಯ ಗೆದ್ದರೆ ಜಿಲ್ಲೆಯಿಂದ ರಾಜ್ಯಕ್ಕೆ ದಾರಿಯಿದೆ, ಯಾವುದು ಬರೀ ಪದಕದೊಡನೆ ಮುಗಿಯುತ್ತದೆ ಎಂದು ಅವರು ಬರೆದೇ ಕೊಟ್ಟರು. ಕಪ್ಪು ಬೆಲ್ಟಿನ ಪ್ರಮಾಣಪತ್ರ ಸೋಲ್ ನಗರದ ಕುಕ್ಕಿವಾನ್ ಸಂಸ್ಥೆಯಿಂದಲೇ ಬರಬೇಕೆಂದೂ ತಿಳಿಸಿದರು. ತೂಕದ ವರ್ಗಕ್ಕೆ ಇಳಿಯಲು ಮಕ್ಕಳನ್ನು ಉಪವಾಸವಿಡುವಿರಾ ಎಂದಾಗ ಮಾತ್ರ ಅವರ ಹುಬ್ಬು ಗಂಟಾಯಿತು. “ಊಟ ಬಿಡಿಸಿ ಗೆಲ್ಲಿಸೋ ಮೆಡಲು ನಮಗೆ ಬೇಡ ಸಾರ್.”

ಆದರೆ ಒಂದು ಷರತ್ತಿತ್ತು. ನಮ್ಮವಳು ಬಿಳಿಯ ಬೆಲ್ಟಿನಿಂದ ಮತ್ತೆ ಪ್ರಾರಂಭಿಸಬೇಕು. ಆರು ತಿಂಗಳು ಸ್ಪರ್ಧೆಯ ಮಾತೆತ್ತಬಾರದು.

ಮನೆಯಲ್ಲಿ ಅಂದು ರಾತ್ರಿ ದೊಡ್ಡ ರಾದ್ಧಾಂತ. “ಅಣ್ಣಾ, ನಾಲ್ಕು ವರ್ಷದ ದುಡ್ಡು, ನಾಲ್ಕು ವರ್ಷದ ಸಂಜೆ, ಎಲ್ಲ ಹೊಳೆಗೆ ಹಾಕುತ್ತೀಯಾ?” ಎಂದು ತಂಗಿ ಕಣ್ಣಲ್ಲಿ ನೀರು ತಂದುಕೊಂಡಳು. ನನ್ನಲ್ಲಿ ಉತ್ತರವಿರಲಿಲ್ಲ. ಅವಳ ಲೆಕ್ಕ ತಪ್ಪೇನಲ್ಲ. ಹುಡುಗಿ ಎದ್ದು ಒಳಗೆ ಹೋಗಿ, ಕಂದು ಬೆಲ್ಟನ್ನು ಸುತ್ತಿ ತಂದು ತಾಯಿಯ ಮಡಿಲಲ್ಲಿಟ್ಟು, “ನೀನೇ ಇಟ್ಟುಕೋ ಅಮ್ಮ, ಜೋಪಾನ” ಎಂದಳು.

ಮೊದಲ ಬುಧವಾರ ಅವಳ ಜೋಡಿಯಾಗಿ ಬಂದವಳು ನಾಗವಾರಪಾಳ್ಯದ ಒಬ್ಬ ಪುಟ್ಟ ಹುಡುಗಿ, ವಯಸ್ಸು ಹನ್ನೊಂದು. ತೂಕದಲ್ಲಿ ಸಮ, ಎತ್ತರದಲ್ಲಿ ಒಂದು ಬೆರಳು ಕಡಿಮೆ. ಎರಡು ನಿಮಿಷದಲ್ಲಿ ಆ ಮಗು ನಮ್ಮವಳ ಎದೆಕವಚಕ್ಕೆ ಆರು ಬಾರಿ ಒದ್ದಿತು. ಏಳನೆಯದಕ್ಕೆ ನಮ್ಮವಳು ಪಕ್ಕಕ್ಕೆ ಸರಿದಳು. ಒದೆತ ಗಾಳಿಯಲ್ಲಿ ಹೋಯಿತು, ಇಬ್ಬರೂ ನಕ್ಕುಬಿಟ್ಟರು, ಶಿಕ್ಷಕರು ಪುಸ್ತಕದಲ್ಲಿ ಏನನ್ನೋ ಗುರುತು ಹಾಕಿಕೊಂಡರು.

ಗೋಡೆಯ ಮೇಲಿನ ಚೌಕಟ್ಟುಗಳು ಈಗಲೂ ಅಲ್ಲಿಯೇ ಇವೆ. ತಂಗಿ ಶುಕ್ರವಾರ ಪಟಗಳೊಡನೆ ಅವುಗಳ ಧೂಳನ್ನೂ ಒರೆಸುತ್ತಾಳೆ. ಹುಡುಗಿಯ ತಕರಾರು ಈಗ ಬೇರೆಯದು. ಬುಧವಾರದ ಜೋಡಿ ಯಾರೆಂಬುದನ್ನು ಮಂಗಳವಾರವೇ ಹೇಳಬೇಕೆಂದು ಅವಳ ಹಟ. ಅವರು ಹೇಳುವುದಿಲ್ಲ.